ಗಡಿಯಾಚೆಯ ದಫ್ತರ

ತುಮಕೂರು ಜಿಲ್ಲೆಯ ಭೂಪಟವನ್ನು ಗೋಡೆಗೆ ತೂಗುಹಾಕಿ ಪಾಠ ಹೇಳುವ ಉಪಾಧ್ಯಾಯರು ಕೊರಟಗೆರೆ, ಮಧುಗಿರಿ, ಶಿರಾ ತಾಲ್ಲೂಕುಗಳನ್ನು ಕೋಲಿನ ತುದಿಯಿಂದ ಒಂದಾದ ಮೇಲೊಂದರಂತೆ ತೋರಿಸುತ್ತ ಬಂದು, ಪಾವಗಡದ ಸರದಿ ಬಂದಾಗ ಕೋಲನ್ನು ಒಮ್ಮೆ ನಕ್ಷೆಯಿಂದ ಮೇಲೆತ್ತಬೇಕಾಗುತ್ತದೆ. ಆ ತಾಲ್ಲೂಕು ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟು, ಚಿತ್ರದುರ್ಗ ಜಿಲ್ಲೆಯ ಕಡೆಯನ್ನು ಬಿಟ್ಟರೆ ಮಿಕ್ಕೆಲ್ಲ ಕಡೆಗಳಲ್ಲಿಯೂ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿಯಲ್ಪಟ್ಟಿದೆ. ಪಾವಗಡದಲ್ಲಿ ಕಳುವಾದ ದನ ಮಡಕಶಿರಾದ ಕಡೆ ಪತ್ತೆಯಾದರೆ ಪೊಲೀಸರು ರಾಜ್ಯದ ಗಡಿಯನ್ನು ದಾಟಬೇಕು. ಅಲ್ಲಿ ಭಾಷೆ ತೆಲುಗಾಗುತ್ತದೆ, ಠಾಣೆ ಬೇರೆಯಾಗುತ್ತದೆ. ಆದರೂ ಕೆಲಸ ನಿಲ್ಲುವುದಿಲ್ಲ. ಗಡಿಯ ಎರಡು ಮಗ್ಗುಲುಗಳಿಗೂ ದಂಡಶಾಸನವು ಒಂದೇ ಆಗಿರುವುದರಿಂದ, ಇತ್ತಲಿನ ನ್ಯಾಯಾಲಯವು ಕೊಟ್ಟ ಬಂಧನದ ವಾರಂಟನ್ನು ಭಾರತದ ಯಾವ ಮೂಲೆಯಲ್ಲಿಯಾದರೂ ಜಾರಿಗೊಳಿಸಲು ಅವಕಾಶವಿದೆ.

ಬೇಕಾದ ವಸ್ತುವು ದನವಾಗಿರದೆ ಒಂದು ಪತ್ರವಾಗಿದ್ದು, ಆ ಪತ್ರವು ಆಂಧ್ರದಲ್ಲಿರದೆ ಸ್ವಿಟ್ಜರ್ಲೆಂಡಿನಲ್ಲಿಯೋ ಐರ್ಲೆಂಡಿನಲ್ಲಿಯೋ ಅಮೆರಿಕದಲ್ಲಿಯೋ ಇರುವ ಸರ್ವರ್ ಎಂಬ ಯಂತ್ರದಲ್ಲಿದ್ದಾಗ ಏನಾಗುತ್ತದೆ ಎಂಬುದು ಈಗ ವಿಚಾರಾರ್ಹವಾದ ಪ್ರಶ್ನೆ. ಕೈಯಲ್ಲಿ ಮೊಬೈಲು ಹಿಡಿದ ಪ್ರತಿಯೊಬ್ಬರ ಪತ್ರಗಳೂ ಚಿತ್ರಗಳೂ ಲೆಕ್ಕಗಳೂ ಇಂದು ಎಲ್ಲೋ ಒಂದು ಯಂತ್ರಾಗಾರದಲ್ಲಿ ಸಂಗ್ರಹವಾಗಿವೆ. ಜನರು ಅದನ್ನು ‘ಮೋಡ’ ಎಂದು ಕರೆಯುವುದುಂಟು. ಆ ಹೆಸರು ದಾರಿ ತಪ್ಪಿಸುವಂಥದು. ತಿರುಮಣಿಯ ಬಳಿ ಹರಡಿರುವ ಸೌರಫಲಕಗಳು ಹೇಗೆ ಒಂದು ನಿರ್ದಿಷ್ಟ ನೆಲದ ಮೇಲೆ, ನಿರ್ದಿಷ್ಟ ಪಹಣಿಯ ಸರ್ವೆ ನಂಬರಿನಲ್ಲಿ ನಿಂತಿವೆಯೋ, ಹಾಗೆಯೇ ಆ ಯಂತ್ರಗಳೂ ಯಾವುದೋ ದೇಶದ ಗಟ್ಟಿ ನೆಲದ ಮೇಲೆ, ಆ ದೇಶದ ಕಾನೂನಿನ ಅಡಿಯಲ್ಲಿ ನಿಂತಿವೆ.

ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆಯು 2025ರಲ್ಲಿ ನೇರವಾಗಿ ಬಂದಿತು. ಒಂದು ವಿನ್ಯಾಸ ಸಂಸ್ಥೆಯ ಮಹಿಳಾ ಉದ್ಯೋಗಿಗಳನ್ನು ಕುರಿತು ಅಶ್ಲೀಲವಾದ ನಿಂದೆಗಳೂ, ಕೃತಕ ಬುದ್ಧಿಮತ್ತೆಯಿಂದ ರಚಿಸಿದ ವಿಕೃತ ಚಿತ್ರಗಳೂ ಇದ್ದ ಇ-ಮೇಲ್‌ಗಳು ಬರತೊಡಗಿದವು. ಕಳುಹಿಸಿದವನು ಪ್ರೋಟಾನ್ ಮೇಲ್ ಎಂಬ ಸೇವೆಯ ಮರೆಯಲ್ಲಿ ನಿಂತಿದ್ದನು. ಈ ಸೇವೆಯನ್ನು ನಡೆಸುವ ಸಂಸ್ಥೆ ಇರುವುದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಅಲ್ಲಿನ ಹೆಸರಾಂತ ಪರಮಾಣು ಸಂಶೋಧನಾ ಕೇಂದ್ರದಲ್ಲಿದ್ದ ಕೆಲವು ವಿಜ್ಞಾನಿಗಳು ಕೂಡಿ 2014ರಲ್ಲಿ ಅದನ್ನು ಜನರ ಬಳಕೆಗೆ ತಂದರು. ಪತ್ರವನ್ನು ಬರೆದವನ ಯಂತ್ರದಲ್ಲಿಯೇ ಗೂಢಲಿಪಿಗೆ ತಿರುಗಿಸಿ, ಪಡೆದವನ ಯಂತ್ರದಲ್ಲಿ ಮಾತ್ರ ಬಿಡಿಸುವಂತೆ ಮಾಡಬಲ್ಲುದು ಅದರ ವೈಶಿಷ್ಟ್ಯ. ಹಾಗೆ ಮುದ್ರಿಸಿದ ಪತ್ರವನ್ನು ನಡುವೆ ಇರುವ ಸಂಸ್ಥೆಯೂ ಓದಲಾರದು. ಅವಮಾನಿತರಾದ ಹೆಣ್ಣುಮಕ್ಕಳ ಪರವಾಗಿ ಸಂಸ್ಥೆಯು ಪೊಲೀಸರಲ್ಲಿಗೂ ಬಳಿಕ ನ್ಯಾಯಾಲಯಕ್ಕೂ ಹೋಯಿತು. ಕೇಂದ್ರ ಸರ್ಕಾರದ ಪರವಾಗಿ, ಸ್ವಿಟ್ಜರ್ಲೆಂಡಿನೊಡನೆ ಪರಸ್ಪರ ಕಾನೂನು ನೆರವಿನ ಏರ್ಪಾಡು ಇರುವುದರಿಂದ ದಂಡ ನ್ಯಾಯಾಲಯದ ಮೂಲಕ ಮಾಹಿತಿಯನ್ನು ತರಿಸಿಕೊಳ್ಳಬಹುದೆಂದು ಹೇಳಲಾಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ಎ ಪ್ರಕರಣದಂತೆ ಆ ಮೇಲ್ ಸೇವೆಯನ್ನು ಭಾರತದಲ್ಲಿ ನಿರ್ಬಂಧಿಸುವ ಕ್ರಮವನ್ನು ಕೈಗೊಳ್ಳಬೇಕೆಂದೂ, ಅದು ಮುಗಿಯುವವರೆಗೆ ಆಕ್ಷೇಪಾರ್ಹ ವಿಳಾಸಗಳನ್ನು ಕೂಡಲೇ ತಡೆಯಬೇಕೆಂದೂ ಕೇಂದ್ರ ಸರ್ಕಾರಕ್ಕೆ ಆದೇಶಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಹೆಣ್ಣುಮಕ್ಕಳಿಗೆ ಬೇಕಾಗಿದ್ದುದು ಆ ಮೇಲ್‌ಗಳನ್ನು ಬರೆದವನು ಯಾರು ಎಂಬ ಒಂದೇ ಒಂದು ಉತ್ತರ. ಸೇವೆಯ ಬಾಗಿಲನ್ನೇ ಮುಚ್ಚಿದರೆ ಮುಂದಿನ ಮೇಲ್ ಬಾರದಿರಬಹುದು. ಹಿಂದಿನದನ್ನು ಬರೆದವನ ಹೆಸರು ಮಾತ್ರ ಅದರಿಂದ ಸಿಕ್ಕದು. ಹೆಸರು ಇರುವ ದಫ್ತರ ಜಿನೀವಾದಲ್ಲಿದೆ.

ಶಾಲೆಗಳನ್ನು ನಡೆಸುವವರಿಗೆ ಈ ವಿಷಯ ದೂರದ್ದೇನೂ ಅಲ್ಲ. 2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿರುವುದಾಗಿ ಇ-ಮೇಲ್‌ಗಳು ಬಂದು, ತಂದೆತಾಯಂದಿರು ಕೈಯಲ್ಲಿದ್ದ ಕೆಲಸ ಬಿಟ್ಟು ಶಾಲೆಯ ಬಾಗಿಲಿಗೆ ಓಡಿಬಂದರು. ಶೋಧನೆಯಲ್ಲಿ ಬಾಂಬು ಎಲ್ಲಿಯೂ ಸಿಕ್ಕಲಿಲ್ಲ. ಮರುವರ್ಷದ ಆರಂಭದಲ್ಲಿ ಚೆನ್ನೈನ ಶಾಲೆಗಳಿಗೆ ಬಂದ ಅಂಥವೇ ಮೇಲ್‌ಗಳ ಸಂಬಂಧವಾಗಿ ಪ್ರೋಟಾನ್ ಮೇಲನ್ನು ನಿರ್ಬಂಧಿಸುವ ಪ್ರಸ್ತಾಪವು 2024ರ ಫೆಬ್ರವರಿಯಲ್ಲಿ ಒಮ್ಮೆ ಎದ್ದಿತ್ತು. ನಿರ್ಬಂಧದಿಂದ ತೊಂದರೆಯಾಗುವುದು ಸಾಮಾನ್ಯ ಬಳಕೆದಾರರಿಗೇ ಹೊರತು ಅಪರಾಧಿಗಲ್ಲವೆಂದು ಸಂಸ್ಥೆಯು ಆಗ ವಾದಿಸಿತು. ಆ ಮಾತಿನಲ್ಲಿ ಸ್ವಾರ್ಥವೂ ಇದೆ, ಸತ್ಯವೂ ಇದೆ.

ಪರದೇಶದ ಸಂಸ್ಥೆಯೊಂದು ಭಾರತದ ಪೊಲೀಸರ ಬೇಡಿಕೆಗೆ ‘ಕೊಡಲಾಗದು’ ಎಂದಾಗ ಅದನ್ನು ಉದ್ಧಟತನವೆಂದು ಭಾವಿಸುವುದು ಸಹಜ. ಆದರೆ ಸ್ವಿಟ್ಜರ್ಲೆಂಡಿನ ಮಟ್ಟಿಗೆ ಅದು ಅಲ್ಲಿನ ದಂಡಸಂಹಿತೆಯ 271ನೆಯ ಅನುಚ್ಛೇದದ ಫಲ. ಅನುಮತಿಯಿಲ್ಲದೆ ಸ್ವಿಸ್ ನೆಲದ ಮೇಲೆ ಪರರಾಷ್ಟ್ರದ ಅಧಿಕಾರಿ ಮಾಡಬೇಕಾದ ಕೆಲಸವನ್ನು ಯಾರು ಮಾಡಿಕೊಟ್ಟರೂ ಅಪರಾಧವೆಂದು ಅದು ಸಾರುತ್ತದೆ. ಇದರ ಹಿಂದೆ ಒಂದು ಇತಿಹಾಸವಿದೆ. 1935ರಲ್ಲಿ ಹಿಟ್ಲರನ ಜರ್ಮನಿಯ ಗುಪ್ತಚರರು ಬಾಸೆಲ್ ನಗರದಿಂದ ಬರ್ತೋಲ್ಡ್ ಯಾಕೋಬ್ ಎಂಬ ಪತ್ರಕರ್ತನನ್ನು ಅಪಹರಿಸಿ ಗಡಿ ದಾಟಿಸಿಕೊಂಡು ಹೋದರು. ಸ್ವಿಸ್ ಸರ್ಕಾರ ಹಟ ಹಿಡಿದು ಕೆಲವು ತಿಂಗಳಲ್ಲಿ ಅವನನ್ನು ಬಿಡಿಸಿತು. ಅದೇ ವರ್ಷ ಪರರಾಷ್ಟ್ರಗಳ ಇಂಥ ಕೈಚಾಚುವಿಕೆಯನ್ನು ತಡೆಯುವ ಶಾಸನವನ್ನೂ ಮಾಡಿತು. ಇಂದು ತುಮಕೂರಿನ ತನಿಖಾಧಿಕಾರಿ ಜಿನೀವಾಕ್ಕೆ ನೇರವಾಗಿ ನೋಟೀಸು ಕಳುಹಿಸಿದರೆ, ಅದಕ್ಕೆ ಒಪ್ಪಿ ಮಾಹಿತಿ ಕೊಟ್ಟ ಉದ್ಯೋಗಿಯೇ ತನ್ನ ದೇಶದಲ್ಲಿ ಅಪರಾಧಿಯಾಗಬೇಕಾಗುತ್ತದೆ. ಸ್ವಿಸ್ ಅಧಿಕಾರಿಗಳ ಮೂಲಕ ಬಂದ ಆಜ್ಞೆಯ ಮಾತು ಬೇರೆ. ಫ್ರಾನ್ಸಿನ ಪೊಲೀಸರ ಕೋರಿಕೆಯು ಹಾಗೆ ಕ್ರಮವಾಗಿ ಬಂದಾಗ, 2021ರಲ್ಲಿ, ಪರಿಸರ ಚಳವಳಿಗಾರನೊಬ್ಬನ ಸಂಪರ್ಕದ ವಿಳಾಸವನ್ನು ದಾಖಲಿಸಿ ಒಪ್ಪಿಸಲು ಇದೇ ಪ್ರೋಟಾನ್ ಸಂಸ್ಥೆ ಬದ್ಧವಾಯಿತು. ಎಂದರೆ ಬಾಗಿಲು ಇಲ್ಲವೆಂದಲ್ಲ, ಬಾಗಿಲು ಬೇರೆ ಕಡೆಗಿದೆ.

ಇಂಥ ವ್ಯವಸ್ಥೆಯು ಶಿರಾದ ಜನರ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲವೆಂಬುದನ್ನು ಪ್ರಾಸಂಗಿಕವಾಗಿ ಇಲ್ಲಿ ಸ್ಮರಿಸಬಹುದು. 1687ರಿಂದ ಶಿರಾ ಮೊಗಲರ ಸುಬಾದ ಕೇಂದ್ರವಾಗಿತ್ತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ 7 ಪರಗಣಗಳಲ್ಲಿ ಸುಬೇದಾರನ ಅಪ್ಪಣೆ ನೇರವಾಗಿ ನಡೆಯುತ್ತಿತ್ತು. ಚಿತ್ರದುರ್ಗ, ಬಿದನೂರು, ಮೈಸೂರು ಮೊದಲಾದವು ಕಪ್ಪ ಕೊಡುವ ಸಂಸ್ಥಾನಗಳು. ಅಲ್ಲಿಂದ ಏನಾದರೂ ಆಗಬೇಕಾದರೆ ಆಯಾ ಒಡೆಯನ ಮೂಲಕವೇ ಆಗಬೇಕಾಗಿತ್ತು. ಅಪ್ಪಣೆ ನಡೆಯುವ ನೆಲ, ಕೋರಿಕೆ ಕಳುಹಿಸಬೇಕಾದ ನೆಲ ಎಂಬ ಭೇದ ಅಂದಿನಷ್ಟೇ ಇಂದೂ ಉಳಿದುಕೊಂಡಿದೆ.

ಈ ಭೇದವನ್ನು ಜಗತ್ತಿನ ಮುಂದೆ ದೊಡ್ಡದಾಗಿ ಎತ್ತಿ ತೋರಿಸಿದ ಮೊಕದ್ದಮೆ ಅಮೆರಿಕದಲ್ಲಿ ನಡೆಯಿತು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಮಾದಕ ವಸ್ತುಗಳ ತನಿಖೆಗೆ ಸಂಬಂಧಿಸಿದ ಇ-ಮೇಲ್ ಖಾತೆಯೊಂದನ್ನು ಒಪ್ಪಿಸುವಂತೆ ಮೈಕ್ರೋಸಾಫ್ಟ್ ಸಂಸ್ಥೆಗೆ ವಾರಂಟು ಕೊಟ್ಟಿತು. ಅಮೆರಿಕದಲ್ಲಿಯೇ ಇದ್ದ ಹೊರವಿವರಗಳನ್ನು ಸಂಸ್ಥೆ ಕೊಟ್ಟಿತು. ಪತ್ರಗಳ ಒಳಗಿನ ವಿಷಯವು ಐರ್ಲೆಂಡಿನ ಡಬ್ಲಿನ್ ನಗರದ ಸರ್ವರ್‌ನಲ್ಲಿದ್ದುದರಿಂದ ಅದನ್ನು ಕೊಡಲು ನಿರಾಕರಿಸಿತು. ಸರ್ಕಾರದ ವಾದ ಸರಳವಾಗಿತ್ತು: ಸಂಸ್ಥೆ ಅಮೆರಿಕದ್ದು, ಅದರ ಅಧಿಕಾರಿ ಅಮೆರಿಕದಲ್ಲಿ ಕುಳಿತು ಗುಂಡಿ ಒತ್ತಿದರೆ ಕಾಗದ ಬರುತ್ತದೆ, ಐರ್ಲೆಂಡಿಗೆ ಯಾರೂ ಕಾಲಿಡಬೇಕಾಗಿಲ್ಲ. ಸಂಸ್ಥೆಯ ವಾದವೂ ಸಾರವಿಲ್ಲದ್ದಲ್ಲ. ಗ್ರಾಹಕರ ಪತ್ರಗಳು ಸಂಸ್ಥೆಯ ಸ್ವಂತ ಲೆಕ್ಕಪತ್ರಗಳಲ್ಲ. ಕೊರಟಗೆರೆಯ ಬ್ಯಾಂಕಿನ ಲಾಕರಿನಲ್ಲಿ ಗ್ರಾಹಕರು ಇಟ್ಟ ಪೆಟ್ಟಿಗೆಯನ್ನು ಬ್ಯಾಂಕಿನ ಸ್ವತ್ತೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ಇದು ಎಂಬುದು ಅದರ ತಾತ್ಪರ್ಯ. ಅಲ್ಲದೆ, ಇಂದು ಅಮೆರಿಕವು ಐರ್ಲೆಂಡನ್ನು ಕೇಳದೆ ಅಲ್ಲಿಂದ ಪತ್ರವನ್ನು ಎಳೆದುಕೊಂಡರೆ, ನಾಳೆ ಇನ್ನೊಂದು ರಾಷ್ಟ್ರವು ತನ್ನ ನೆಲದಲ್ಲಿರುವ ಶಾಖೆಯನ್ನು ಬೆದರಿಸಿ ಅಮೆರಿಕದ ಪ್ರಜೆಯ ಪತ್ರವನ್ನು ಎಳೆದುಕೊಳ್ಳುವುದನ್ನು ಯಾವ ನ್ಯಾಯದಿಂದ ತಡೆಯುವುದು ಎಂದು ಅದು ಕೇಳಿತು. ಕ್ರಮವಾಗಿ ಕೇಳಿದರೆ ಕೋರಿಕೆಯನ್ನು ಶೀಘ್ರವಾಗಿ ಪರಿಶೀಲಿಸುವುದಾಗಿ ಐರ್ಲೆಂಡ್ ಸರ್ಕಾರವೂ ನ್ಯಾಯಾಲಯಕ್ಕೆ ತಿಳಿಸಿತು.

2016ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವು ಸಂಸ್ಥೆಯ ಪಕ್ಷವನ್ನೇ ಎತ್ತಿಹಿಡಿಯಿತು. ವಿವಾದವು ಅಮೆರಿಕದ ಪರಮೋಚ್ಚ ನ್ಯಾಯಾಲಯವನ್ನು ಮುಟ್ಟಿ, 2018ರ ಫೆಬ್ರವರಿಯಲ್ಲಿ ವಾದಗಳೂ ಮುಗಿದವು. ತೀರ್ಪು ಹೊರಬೀಳುವ ಮೊದಲೇ, ಮಾರ್ಚ್ 23ರಂದು, ‘ಕ್ಲೌಡ್ ಕಾಯಿದೆ’ ಎಂದು ಕರೆಯಲ್ಪಡುವ ಶಾಸನವು ಜಾರಿಗೆ ಬಂದಿತು. ಅದರಂತೆ ಅಮೆರಿಕದ ಸಂಸ್ಥೆಗಳು ತಮ್ಮ ವಶದಲ್ಲಿರುವ ಮಾಹಿತಿಯನ್ನು, ಅದು ಯಾವ ದೇಶದ ಯಂತ್ರದಲ್ಲಿದ್ದರೂ, ಅಮೆರಿಕದ ವಾರಂಟಿಗೆ ಒಪ್ಪಿಸಬೇಕು. ಮೊಕದ್ದಮೆಯು ಏಪ್ರಿಲ್ 17ರಂದು ನಿರರ್ಥಕವೆಂದು ಮುಕ್ತಾಯವಾಯಿತು. 4 ವರ್ಷ ಹೋರಾಡಿದ ಸಂಸ್ಥೆಯು ಆ ಶಾಸನಕ್ಕೆ ಬೆಂಬಲವನ್ನೂ ಕೊಟ್ಟಿತೆಂಬುದು ಕೆಲವರಿಗೆ ಆಶ್ಚರ್ಯವೆನಿಸಬಹುದು. ಅದರಲ್ಲಿ ಆಶ್ಚರ್ಯವೇನಿಲ್ಲ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬಾತನು ಅಮೆರಿಕದ ಗೂಢಚರ್ಯೆಯ ಕಾಗದಗಳನ್ನು ಹೊರಗೆಡಹಿದ ಮೇಲೆ ಪರದೇಶದ ಗ್ರಾಹಕರು ಈ ಸಂಸ್ಥೆಗಳನ್ನು ಸಂಶಯದಿಂದ ನೋಡತೊಡಗಿದ್ದರು. ಗ್ರಾಹಕರ ನಂಬಿಕೆ ಕೆಟ್ಟರೆ ವ್ಯಾಪಾರ ಕೆಡುತ್ತದೆ. ತತ್ತ್ವವೂ ಲಾಭವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದಾಗ ಸಂಸ್ಥೆಗಳು ಧೈರ್ಯವಾಗಿ ಹೋರಾಡುತ್ತವೆ. ಅವು ಬೇರೆ ಬೇರೆ ದಿಕ್ಕಿಗೆ ತಿರುಗಿದಾಗ ಏನು ಮಾಡುತ್ತವೆಂಬುದನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಈ ಕ್ಲೌಡ್ ಕಾಯಿದೆಯಿಂದ ಅಮೆರಿಕಕ್ಕೆ ದೊರೆತ ಸೌಲಭ್ಯ ಭಾರತಕ್ಕೆ ದೊರೆಯಲಿಲ್ಲ. ಅಮೆರಿಕದ 1986ರ ಶಾಸನವೊಂದು ಅಲ್ಲಿನ ಸಂಸ್ಥೆಗಳು ಪತ್ರದ ಒಳವಿಷಯವನ್ನು ಪರರಾಷ್ಟ್ರಕ್ಕೆ ನೇರವಾಗಿ ಕೊಡದಂತೆ ತಡೆಯುತ್ತದೆ. ವಿಶೇಷ ಒಪ್ಪಂದ ಮಾಡಿಕೊಂಡ ರಾಷ್ಟ್ರಗಳಿಗೆ ಮಾತ್ರ ಕ್ಲೌಡ್ ಕಾಯಿದೆ ವಿನಾಯಿತಿ ಕೊಟ್ಟಿದೆ. ಬ್ರಿಟನ್ನಿನೊಡನೆ ಅಂಥ ಒಪ್ಪಂದವು 2022ರಲ್ಲಿಯೂ, ಆಸ್ಟ್ರೇಲಿಯದೊಡನೆ 2024ರಲ್ಲಿಯೂ ಜಾರಿಗೆ ಬಂದಿತು. ಭಾರತದ ಪೊಲೀಸರು 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂದ ಪರಸ್ಪರ ಕಾನೂನು ನೆರವಿನ ಒಪ್ಪಂದದ ಹಳೆಯ ದಾರಿಯಲ್ಲಿಯೇ ನಡೆಯಬೇಕು.

ಇಲ್ಲಿ ಅಂಚೆಯ ಲಕೋಟೆಯ ಹೋಲಿಕೆ ನೆರವಿಗೆ ಬರುತ್ತದೆ. ಲಕೋಟೆಯ ಹೊರಗೆ ಕಳುಹಿಸಿದವನ ಹೆಸರು, ವಿಳಾಸ, ಅಂಚೆಯ ಮುದ್ರೆ ಇರುತ್ತವೆ. ಒಳಗೆ ಕಾಗದ ಇರುತ್ತದೆ. ಖಾತೆ ತೆರೆದವನು ಕೊಟ್ಟ ಹೆಸರು, ದೂರವಾಣಿ ಸಂಖ್ಯೆ, ಯಾವ ಹೊತ್ತಿನಲ್ಲಿ ಯಾವ ಸಂಪರ್ಕದಿಂದ ಪ್ರವೇಶಿಸಿದನೆಂಬ ದಾಖಲೆ ಇವು ಲಕೋಟೆಯ ಹೊರಭಾಗ. ಅಮೆರಿಕದ ಸಂಸ್ಥೆಗಳು ಈ ಹೊರಭಾಗವನ್ನು ಪರದೇಶದ ಪೊಲೀಸರಿಗೆ ಸ್ವ-ಇಚ್ಛೆಯಿಂದ ಕೊಡಲು ಅಲ್ಲಿನ ಕಾನೂನು ಅಡ್ಡಿಮಾಡುವುದಿಲ್ಲ. ಮಧುಗಿರಿಯ ವ್ಯಕ್ತಿಯೊಬ್ಬರಿಗೆ ಜಿಮೇಲ್ ಖಾತೆಯಿಂದ ಬೆದರಿಕೆ ಬಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಪ್ರಕರಣದಂತೆ ಕಳುಹಿಸಿದ ನೋಟೀಸಿಗೆ ಈ ವಿವರ ದೊರೆಯುವ ಸಂಭವ ಉಂಟು. ಒಳಗಿನ ಕಾಗದಕ್ಕೆ ಮಾತ್ರ ಒಪ್ಪಂದದ ಸುತ್ತು ದಾರಿ. ಸ್ವಿಟ್ಜರ್ಲೆಂಡಿನಲ್ಲಾದರೋ ಹೊರಭಾಗಕ್ಕೂ ಅದೇ ದಾರಿ. ಗೂಢಲಿಪಿಯಿಂದ ಮುದ್ರಿತವಾದ ಒಳಭಾಗವಂತೂ ಆ ದಾರಿಯ ಕೊನೆಯಲ್ಲಿಯೂ ದೊರೆಯದು. ಆದಕಾರಣ ಒಂದೇ ಬಗೆಯ ಅಪರಾಧಕ್ಕೆ ತುತ್ತಾದ ಇಬ್ಬರಲ್ಲಿ ಒಬ್ಬರಿಗೆ ಕೆಲವೇ ವಾರಗಳಲ್ಲಿ ಅಪರಾಧಿಯ ಸುಳಿವು ಸಿಕ್ಕಿ, ಇನ್ನೊಬ್ಬರಿಗೆ ವರ್ಷಗಳಾದರೂ ಸಿಕ್ಕದಿರುವುದು ಪೊಲೀಸರ ಅಸಡ್ಡೆಯಿಂದಲೇ ಎಂದು ಭಾವಿಸಲಾಗದು.

ಆ ಸುತ್ತು ದಾರಿ ಎಂಥದೆಂಬುದನ್ನು ಒಮ್ಮೆ ನಡೆದು ನೋಡಬಹುದು. ತನಿಖಾಧಿಕಾರಿಯು ಕೋರಿಕೆಯ ಕರಡನ್ನು ಸಿದ್ಧಪಡಿಸುತ್ತಾನೆ. ಅಭಿಯೋಜಕರ ಅಭಿಪ್ರಾಯದೊಡನೆ ಅದು ರಾಜ್ಯದ ಗೃಹ ಇಲಾಖೆಗೂ, ಅಲ್ಲಿಂದ ದೆಹಲಿಯ ಗೃಹ ಮಂತ್ರಾಲಯಕ್ಕೂ ಹೋಗಿ ಸಮ್ಮತಿ ಪಡೆಯಬೇಕು. ಬಳಿಕ ಸಂಬಂಧಪಟ್ಟ ನ್ಯಾಯಾಲಯವು ಅದೇ ಸಂಹಿತೆಯ 112ನೆಯ ಪ್ರಕರಣದಂತೆ ವಿನಂತಿಪತ್ರವನ್ನು ಕೊಡುತ್ತದೆ. ಕನ್ನಡದಲ್ಲಿ ಬರೆದ ದೂರು ಇಂಗ್ಲಿಷಿಗೂ, ಅಗತ್ಯವಿದ್ದಲ್ಲಿ ಆ ದೇಶದ ಭಾಷೆಗೂ ಅನುವಾದವಾಗುತ್ತದೆ. ಪತ್ರವು ಮತ್ತೆ ದೆಹಲಿಗೆ ಹೋಗಿ ಅಲ್ಲಿಂದ ಬರ್ನ್ ನಗರದ ನ್ಯಾಯ ಕಚೇರಿಯನ್ನು ಮುಟ್ಟುತ್ತದೆ. ಇಲ್ಲಿ ಅಪರಾಧವೆನಿಸಿದ ಕೃತ್ಯ ಅಲ್ಲಿಯೂ ಅಪರಾಧವೇ ಎಂಬುದನ್ನು ಅವರು ನೋಡುತ್ತಾರೆ. ಆಮೇಲೆ ಪ್ರಾಂತದ ಅಭಿಯೋಜಕರು ಸಂಸ್ಥೆಗೆ ಆಜ್ಞೆ ಮಾಡುತ್ತಾರೆ. ಉತ್ತರವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಅಮೆರಿಕದಲ್ಲಿ ಇಂಥ ಕೋರಿಕೆಗಳಿಗೆ ಸರಾಸರಿ 10 ತಿಂಗಳು ಹಿಡಿಯುತ್ತದೆಂದು ಆ ದೇಶದ ಅಧ್ಯಕ್ಷರು ನೇಮಿಸಿದ್ದ ಸಮಿತಿಯೇ 2013ರಲ್ಲಿ ಒಪ್ಪಿಕೊಂಡಿತು.

ಸ್ವಿಟ್ಜರ್ಲೆಂಡಿನ ದಾರಿಯನ್ನು ಭಾರತವು ಮೊದಲು ಬಲ್ಲುದು. ಬೊಫೋರ್ಸ್ ಫಿರಂಗಿಯ ಪ್ರಕರಣವನ್ನು ಹಿರಿಯ ವಾಚಕರು ಮರೆತಿರಲಾರರು. ಬ್ಯಾಂಕಿನ ಖಾತೆಗಳ ವಿವರಕ್ಕಾಗಿ ಇಲ್ಲಿಂದ ವಿನಂತಿಪತ್ರವು 1990ರಲ್ಲಿ ಹೋಯಿತು. ಖಾತೆದಾರರು ಅಲ್ಲಿನ ನ್ಯಾಯಾಲಯಗಳಲ್ಲಿ ಒಂದರ ಮೇಲೊಂದು ಮನವಿ ಹೂಡಿದರು. ಕಾಗದಗಳ ಮೊದಲ ಕಟ್ಟು ಭಾರತದ ಕೈಸೇರಿದುದು 1997ರ ಜನವರಿಯಲ್ಲಿ. ರಾಷ್ಟ್ರದ ಸರ್ಕಾರವನ್ನೇ ಅಲುಗಾಡಿಸಿದ ಮೊಕದ್ದಮೆಗೆ 7 ವರ್ಷ ಹಿಡಿದಾಗ, ಪಾವಗಡದ ಹುಡುಗಿಯೊಬ್ಬಳ ಮಾನಹಾನಿಯ ದೂರಿಗೆ ಎಷ್ಟು ಕಾಲ ಹಿಡಿದೀತೆಂದು ಯಾರಾದರೂ ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಾಗದು.

ಈ ವಿಳಂಬದಿಂದ ಬೇಸತ್ತ ಸರ್ಕಾರಗಳು ಹತ್ತಿರದ ದಾರಿಗಳನ್ನು ಹುಡುಕಿದವು. ಮೊದಲನೆಯದು ಬೆದರಿಕೆ. ಕೆನಡಾದ ವಾಟರ್‌ಲೂ ನಗರದ ಸಂಸ್ಥೆಯು ತಯಾರಿಸುತ್ತಿದ್ದ ಬ್ಲ್ಯಾಕ್‌ಬೆರಿ ಫೋನಿನ ಸಂದೇಶಗಳನ್ನು ನೋಡಲು ಅವಕಾಶ ಕೊಡದಿದ್ದರೆ 2010ರ ಆಗಸ್ಟ್ 31ರ ನಂತರ ಸೇವೆಯನ್ನು ನಿಲ್ಲಿಸುವುದಾಗಿ ಭಾರತ ಸರ್ಕಾರ ಎಚ್ಚರಿಸಿತು. ಗಡುವು ಮುಂದಕ್ಕೆ ಹೋಯಿತು, ಮಾತುಕತೆ ನಡೆಯಿತು, 2012ರ ವೇಳೆಗೆ ಮುಂಬಯಿಯಲ್ಲಿಯೇ ಸರ್ವರ್ ನೆಲೆಗೊಂಡಿತು. ದೊಡ್ಡ ಕಂಪನಿಗಳು ಬಳಸುತ್ತಿದ್ದ ಮೇಲ್‌ನ ಬೀಗದ ಕೈ ತನ್ನ ಬಳಿಯೇ ಇಲ್ಲವೆಂಬ ಮಾತನ್ನು ಮಾತ್ರ ಸಂಸ್ಥೆ ಕೊನೆಯವರೆಗೂ ಬಿಡಲಿಲ್ಲ.

ಎರಡನೆಯದು, ದಫ್ತರವನ್ನೇ ಈ ನೆಲಕ್ಕೆ ತರಿಸುವುದು. ಹಣ ಪಾವತಿಗೆ ಸಂಬಂಧಿಸಿದ ಎಲ್ಲ ಮಾಹಿತಿಯನ್ನು ಭಾರತದಲ್ಲಿ ಮಾತ್ರವೇ ಇಡಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಆಜ್ಞಾಪಿಸಿ 6 ತಿಂಗಳ ಅವಧಿ ಕೊಟ್ಟಿತು. ಪರದೇಶದ ಕಾರ್ಡ್ ಸಂಸ್ಥೆಗಳು, ಪ್ರತಿಯೊಂದನ್ನು ಪರದೇಶದಲ್ಲಿಯೂ ಇಟ್ಟುಕೊಳ್ಳಲು ಬಿಡಬೇಕೆಂದು ಕೇಳಿಕೊಂಡರೂ ಬ್ಯಾಂಕು ಜಗ್ಗಲಿಲ್ಲ. ಆಜ್ಞೆಯನ್ನು ಪಾಲಿಸಲಿಲ್ಲವೆಂದು 2021ರ ಜುಲೈ 22ರಿಂದ ಮಾಸ್ಟರ್‌ಕಾರ್ಡ್ ಸಂಸ್ಥೆಯು ಭಾರತದಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು. 2022ರ ಜೂನ್‌ನಲ್ಲಿ ಆ ತಡೆ ತೆರವಾಯಿತು. ಶಿರಾದ ಅಂಗಡಿಯಲ್ಲಿ ಕಾರ್ಡನ್ನು ಉಜ್ಜಿದ ಗ್ರಾಹಕನ ಲೆಕ್ಕ ಈ ದೇಶದಲ್ಲಿಯೇ ಉಳಿಯುವುದು ಆ ಹಟದ ಫಲ. ಎಲ್ಲ ಬಗೆಯ ವೈಯಕ್ತಿಕ ಮಾಹಿತಿಗೂ ಇದನ್ನು ವಿಸ್ತರಿಸಿ, ಒಂದು ಪ್ರತಿಯಾದರೂ ಭಾರತದಲ್ಲಿರಬೇಕೆಂದು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯು 2018ರ ಜುಲೈನಲ್ಲಿ ಸಲಹೆ ಮಾಡಿತು. 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಆ ಸಲಹೆಯನ್ನು ಕೈಬಿಟ್ಟು, ಸರ್ಕಾರವು ನಿರ್ಬಂಧಿಸಿದ ದೇಶಗಳ ಹೊರತು ಉಳಿದೆಡೆಗೆ ಮಾಹಿತಿಯನ್ನು ಒಯ್ಯಲು ಅವಕಾಶವಿತ್ತಿತು.

ಈ ಎರಡನೆಯ ದಾರಿಯು ಎಲ್ಲ ಸಂದರ್ಭದಲ್ಲಿಯೂ ಫಲಿಸುವುದಿಲ್ಲವೆಂಬುದಕ್ಕೆ ಇನ್ನೊಂದು ಉದಾಹರಣೆಯುಂಟು. ಬಳಕೆದಾರನ ಗುರುತನ್ನು ಮರೆಮಾಡುವ ವಿಪಿಎನ್ ಸೇವೆಗಳು ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಕಾದಿರಿಸಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶಿಸಿತು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ಮುಂತಾದವು ನ್ಯಾಯಾಲಯದಲ್ಲಿ ದೀರ್ಘವಾಗಿ ಹೋರಾಡುವ ಗೋಜಿಗೆ ಹೋಗದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ಎತ್ತಿಕೊಂಡು ಹೊರನಡೆದವು. ಸೇವೆ ಮಾತ್ರ ಹೊರಗಿನಿಂದ ದೊರೆಯುತ್ತಲೇ ಇತ್ತು. ದಫ್ತರವನ್ನು ಒಳಗೆ ತರಿಸಹೋಗಿ, ಇದ್ದುದೂ ಹೊರಗೆ ಹೋಯಿತು.

ಸರ್ಕಾರದ ಬೇಡಿಕೆಗಳೆಲ್ಲ ಅಪರಾಧಿಯನ್ನು ಹಿಡಿಯುವುದಕ್ಕೇ ಎಂದು ಒಪ್ಪಿಕೊಂಡುಬಿಟ್ಟರೆ ಸಂಸ್ಥೆಗಳ ಪ್ರತಿರೋಧವನ್ನೆಲ್ಲ ಖಂಡಿಸಬಹುದಾಗಿತ್ತು. ಆದರೆ ಕಳ್ಳನ ಪತ್ರವನ್ನು ತೆರೆಯುವ ಕೈಯೇ ಸಜ್ಜನನ ಪತ್ರವನ್ನೂ ತೆರೆಯಬಲ್ಲುದು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂಬ ತೀರ್ಪನ್ನು ತಂದುಕೊಟ್ಟವರು ಕರ್ನಾಟಕದವರೇ ಎಂಬುದು ಇಲ್ಲಿ ಸ್ಮರಣೀಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ತೀರ್ಪಿತ್ತಿತು. ಸರ್ಕಾರವು ಪ್ರಜೆಯ ಖಾಸಗಿ ವಿಷಯದಲ್ಲಿ ಕೈಯಿಡಬೇಕಾದರೆ ಅದಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೆಯ ವಯಸ್ಸಿನಲ್ಲಿ ನಿಧನರಾದರು. ಸಂದೇಶವನ್ನು ಮೊದಲು ಹೊರಡಿಸಿದವನು ಯಾರೆಂದು ಹೇಳಬೇಕೆಂಬ 2021ರ ನಿಯಮವನ್ನು ವಾಟ್ಸ್‌ಆ್ಯಪ್ ಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ ಆಧರಿಸಿದುದು ಈ ತೀರ್ಪನ್ನೇ. ಗೂಢಲಿಪಿಯನ್ನು ಮುರಿಯಬೇಕೆಂದಾದರೆ ಭಾರತದಲ್ಲಿ ಸೇವೆಯೇ ಉಳಿಯದೆಂದು ಅದರ ವಕೀಲರು 2024ರ ಏಪ್ರಿಲ್‌ನಲ್ಲಿ ಅಲ್ಲಿ ಹೇಳಿದರು.

ಟ್ವಿಟರ್ ಸಂಸ್ಥೆಯು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಹೂಡಿ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಡನೆ ಸೋತ ಮೊಕದ್ದಮೆಯನ್ನು ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅದು ಬರಹಗಳನ್ನು ತೆಗೆದುಹಾಕುವ ಆಜ್ಞೆಗೆ ಸಂಬಂಧಿಸಿದ್ದು, ಗ್ರಾಹಕರ ಮಾಹಿತಿಗಲ್ಲ, ಎರಡನ್ನೂ ಬೆರೆಸಬಾರದು.

ರಾಷ್ಟ್ರಗಳೆಲ್ಲ ಕೂಡಿ ದಾರಿಯನ್ನು ಹತ್ತಿರ ಮಾಡುವ ಯತ್ನವೂ ನಡೆದಿದೆ. ಯೂರೋಪಿನಲ್ಲಿ 2001ರಲ್ಲಿ ರೂಪುಗೊಂಡ ಬುಡಾಪೆಸ್ಟ್ ಒಪ್ಪಂದಕ್ಕೆ, ಅದರ ರಚನೆಯಲ್ಲಿ ತನಗೆ ಪಾಲಿರಲಿಲ್ಲವೆಂಬ ಕಾರಣದಿಂದ ಭಾರತ ಸೇರಲಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯು 2024ರ ಡಿಸೆಂಬರ್ 24ರಂದು ಅಂಗೀಕರಿಸಿದ ಸೈಬರ್ ಅಪರಾಧ ಒಪ್ಪಂದಕ್ಕೆ 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಮಿನ ಹನೋಯ್ ನಗರದಲ್ಲಿ ಸಹಿಗಳು ಬಿದ್ದವು. 40 ರಾಷ್ಟ್ರಗಳು ಅನುಮೋದಿಸಿದ ಬಳಿಕವೇ ಅದು ಜಾರಿಗೆ ಬರುವುದು. ಇದರಿಂದ ದಬ್ಬಾಳಿಕೆಯ ಸರ್ಕಾರಗಳಿಗೂ ಸಲಿಗೆ ದೊರೆಯುವುದೆಂದು ಭಯಪಡುವವರು ಅನೇಕರಿದ್ದಾರೆ.

ಅದುವರೆಗೆ ತುಮಕೂರಿನ ಸೈಬರ್ ಅಪರಾಧ ಠಾಣೆಗೆ ದೂರು ಕೊಡುವವರು ತಿಳಿದಿರಬೇಕಾದ ಕೆಲವು ವಿವರಗಳಿವೆ. ವಿನಂತಿಪತ್ರ ಹೋಗಿ ಬರುವುದರೊಳಗೆ ಸಂಸ್ಥೆಯ ದಫ್ತರದಿಂದ ಮಾಹಿತಿ ಅಳಿಸಿಹೋಗಬಹುದು. ಅದಕ್ಕಾಗಿ ಪೊಲೀಸರು ಮೊದಲ ದಿನವೇ ‘ಇದನ್ನು ಕಾದಿರಿಸಿ’ ಎಂಬ ಕೋರಿಕೆಯನ್ನು ಕಳುಹಿಸಬಹುದು. ಅಮೆರಿಕದ ಕಾನೂನಿನಂತೆ ಅಂಥ ಮಾಹಿತಿಯನ್ನು 90 ದಿನ, ಮತ್ತೆ ಕೇಳಿದರೆ ಇನ್ನೂ 90 ದಿನ ಕಾದಿರಿಸುವ ಪದ್ಧತಿಯಿದೆ. ದೂರು ತಡವಾದಷ್ಟೂ ಈ ಕೋರಿಕೆ ತಡವಾಗುತ್ತದೆ. ನಾಚಿಕೆಯಿಂದಲೋ ಮನೆಯವರ ಭಯದಿಂದಲೋ ಅಶ್ಲೀಲ ಮೇಲನ್ನು ಅಳಿಸಿಬಿಡುವವರು ಬಹಳ ಮಂದಿ. ಹಾಗೆ ಅಳಿಸಿದಾಗ ಲಕೋಟೆಯ ಮೇಲಿನ ಅಂಚೆಯ ಮುದ್ರೆಯೂ ಅಳಿಸಿಹೋಗುತ್ತದೆ. ಪರದೆಯ ಛಾಯಾಚಿತ್ರ ಸಾಲದು, ಮೂಲ ಮೇಲ್ ಅದರ ಪೂರ್ಣ ಶಿರೋಲೇಖದೊಡನೆ ಉಳಿದಿರಬೇಕು. ಹಣದ ವಂಚನೆಯಾಗಿದ್ದರೆ 1930 ಎಂಬ ಸಂಖ್ಯೆಗೆ ಆ ಹೊತ್ತಿಗೇ ಕರೆ ಮಾಡತಕ್ಕದ್ದು. ಹಣವು ಇನ್ನೂ ಈ ದೇಶದ ಬ್ಯಾಂಕುಗಳಲ್ಲಿಯೇ ಇದ್ದರೆ ಯಾವ ಒಪ್ಪಂದದ ಅಗತ್ಯವೂ ಇಲ್ಲದೆ ಅದನ್ನು ತಡೆಹಿಡಿಯಬಹುದು.